ಮುಖ ಬದಲಿಸಿದ ಜಾಗ್ವಾರ್, ಮುಖ ನೋಡಿ ಮಣೆ ಹಾಕುವ ಹುಬ್ಬಳ್ಳಿ

2024ರ ನವೆಂಬರ್‌ನಲ್ಲಿ ಬ್ರಿಟನ್ನಿನ ಕಾರು ಕಂಪನಿ ಜಾಗ್ವಾರ್ ಮೂವತ್ತು ಸೆಕೆಂಡಿನ ಒಂದು ಜಾಹೀರಾತನ್ನು ಬಿಡುಗಡೆ ಮಾಡಿತು. ಕಣ್ಣು ಕುಕ್ಕುವ ಬಣ್ಣದ ಉಡುಪು ತೊಟ್ಟ ರೂಪದರ್ಶಿಗಳು ಲಿಫ್ಟಿನಿಂದ ಹೊರಬರುತ್ತಾರೆ, ಗುಲಾಬಿ ಬಣ್ಣದ ನೆಲದ ಮೇಲೆ ಅಡ್ಡಾಡುತ್ತಾರೆ, ಒಬ್ಬಾಕೆ ದೊಡ್ಡ ಸುತ್ತಿಗೆ ಹಿಡಿದು ನಿಲ್ಲುತ್ತಾಳೆ. ಕಾರು ಮಾತ್ರ ಕೊನೆಯವರೆಗೂ ಕಾಣುವುದಿಲ್ಲ. ಯಾವುದರ ನಕಲೂ ಆಗಬಾರದು ಎಂಬ ಸಂಸ್ಥಾಪಕ ವಿಲಿಯಂ ಲಯನ್ಸ್ ಅವರ ಧೋರಣೆಯನ್ನೇ ಘೋಷಣೆಯಾಗಿ ಮಾಡಿಕೊಂಡು, ಹೆಸರು ಬರೆಯುವ ಅಕ್ಷರಗಳನ್ನೂ ಬದಲಿಸಿ, ಕಂಪನಿ ತನ್ನ ಹಳೆಯ ರೂಪಕ್ಕೆ ತಿಲಾಂಜಲಿ ಕೊಟ್ಟಿತು. ನೀವು ಕಾರು ಮಾರುತ್ತೀರಾ ಎಂದು ಇಲಾನ್ ಮಸ್ಕ್ ಕೆಣಕಿದ್ದು ಜಗತ್ತಿಗೆಲ್ಲ ಗೊತ್ತಾಯಿತು. ಮರುತಿಂಗಳು ಮಯಾಮಿಯಲ್ಲಿ ತೆರೆ ಸರಿಸಿದಾಗ ಕಂಡದ್ದು ಟೈಪ್ 00 ಎಂಬ ವಿದ್ಯುತ್ ಕಾರಿನ ಮಾದರಿ: ಗಜಗಟ್ಟಲೆ ಉದ್ದದ ಬಾನೆಟ್, ಚಪ್ಪಟೆ ಮೂತಿ, ಹಿಂಬದಿಗೆ ಗಾಜೇ ಇಲ್ಲದ ಡಿಕ್ಕಿ, ಒಂದಕ್ಕೆ ಗುಲಾಬಿ, ಇನ್ನೊಂದಕ್ಕೆ ನೀಲಿ ಬಣ್ಣ.

ಈ ಗದ್ದಲ ನಮ್ಮ ಊರಿಗೆ ಸಂಬಂಧವಿಲ್ಲದ್ದು ಎನ್ನುವಂತಿಲ್ಲ. 2008ರಲ್ಲಿ ಫೋರ್ಡ್‌ನಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಟಾಟಾ ಸಮೂಹ. ಅದೇ ಸಮೂಹ ಬ್ರೆಜಿಲ್‌ನ ಮಾರ್ಕೊಪೋಲೊ ಜೊತೆ ಸೇರಿ ಧಾರವಾಡದಲ್ಲಿ ಬಸ್ಸುಗಳ ಮೈ ಕಟ್ಟುವ ಕಾರ್ಖಾನೆ ತೆರೆಯಿತು. ಧಾರವಾಡದ ಹುಡುಗರು ಐಟಿಐ ಮುಗಿಸಿ ಅಲ್ಲಿ ವೆಲ್ಡಿಂಗ್ ಮಾಡುತ್ತಿರುವಾಗ, ಅದೇ ಒಡೆತನದ ಮತ್ತೊಂದು ತುದಿಯಲ್ಲಿ ಕಾರಿಲ್ಲದ ಕಾರಿನ ಜಾಹೀರಾತು ತಯಾರಾಗುತ್ತಿತ್ತು. ಹಾಗಾಗಿ ಆ ಜಾಹೀರಾತನ್ನು ಪಶ್ಚಿಮದವರ ಹುಚ್ಚು ಎಂದು ಕೈಬಿಡುವ ಬದಲು, ಐಷಾರಾಮಿ ಕಾರಿನ ವಿನ್ಯಾಸ ಮತ್ತು ಪ್ರಚಾರ ಯಾರ ಕಣ್ಣಿಗಾಗಿ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನಿಂತು ಕೇಳಿಕೊಳ್ಳಬಹುದು. ನನ್ನ ಉತ್ತರ ಇಷ್ಟು: ಈ ಕಾರುಗಳ ಮುಖವೂ ಪ್ರಚಾರವೂ ಕೊಳ್ಳುವವರಿಗಿಂತ ಹೆಚ್ಚಾಗಿ, ಎಂದೂ ಕೊಳ್ಳಲಾರದ ನೋಡುಗರನ್ನು ಉದ್ದೇಶಿಸಿದವು. ಕೋಟಿ ರೂಪಾಯಿ ಕೊಟ್ಟವನಿಗೆ ತನ್ನ ಕಾರು ಯಾವುದೆಂದು ಹೇಗೂ ಗೊತ್ತಿರುತ್ತದೆ. ಕೊಪ್ಪೀಕರ್ ರಸ್ತೆಯ ಸಿಗ್ನಲ್‌ನಲ್ಲಿ ಪಕ್ಕಕ್ಕೆ ನಿಂತ ಆಟೋದವನಿಗೂ ಗೊತ್ತಾದಾಗಲೇ ಆ ದುಡ್ಡಿಗೆ ಬೆಲೆ.

ಕಾರಿನ ಅಂದವನ್ನೇ ಮಾರಾಟದ ಸರಕಾಗಿಸಿದ ಶ್ರೇಯಸ್ಸು ಅಮೆರಿಕಕ್ಕೆ ಸಲ್ಲುತ್ತದೆ. 1927ರಲ್ಲಿ ಜನರಲ್ ಮೋಟರ್ಸ್ ಕಂಪನಿ ಹಾರ್ಲೆ ಅರ್ಲ್ ಎಂಬ ವಿನ್ಯಾಸಕಾರನ ಕೈಗೆ ಕಲೆ ಮತ್ತು ಬಣ್ಣದ ಪ್ರತ್ಯೇಕ ವಿಭಾಗವನ್ನು ಕೊಟ್ಟಿತು. ಅಲ್ಲಿಯವರೆಗೆ ಎಂಜಿನಿಯರುಗಳು ಯಂತ್ರ ಕೂಡಿಸಿ ಅದರ ಮೇಲೊಂದು ಪೆಟ್ಟಿಗೆ ಮುಚ್ಚುತ್ತಿದ್ದರು. ಅರ್ಲ್ ಪೂರ್ತಿ ಗಾತ್ರದ ಕಾರನ್ನು ಮೊದಲು ಜೇಡಿಮಣ್ಣಿನಲ್ಲಿ ಮಾಡಿಸಿ, ಕೆತ್ತಿಸಿ, ಬೆಳಕಿನಲ್ಲಿ ನೋಡಿ, ಮತ್ತೆ ಕೆತ್ತಿಸುವ ಪದ್ಧತಿ ತಂದನು. ಕಂಪ್ಯೂಟರ್ ಬಂದು ಇಷ್ಟು ವರ್ಷವಾದರೂ ದೊಡ್ಡ ಕಂಪನಿಗಳು ಜೇಡಿಮಣ್ಣನ್ನು ಬಿಟ್ಟಿಲ್ಲ. ಏಕೆಂದರೆ ಬಾಗಿಲಿನ ಮೇಲೆ ಬೆಳಕು ಹೇಗೆ ಜಾರುತ್ತದೆ ಎಂಬುದು ಪರದೆಯ ಮೇಲೆ ಪೂರ್ತಿ ತಿಳಿಯುವುದಿಲ್ಲ. ಅರ್ಲ್ ಮಾಡಿದ ಇನ್ನೊಂದು ಕೆಲಸ ಪ್ರತಿ ವರ್ಷ ರೂಪ ಬದಲಿಸುವುದು. ಹೋದ ವರ್ಷ ಕೊಂಡ ಕಾರು ಈ ವರ್ಷ ಹಳೆಯದಾಗಿ ಕಾಣಬೇಕು, ಪಕ್ಕದ ಮನೆಯವರ ಹೊಸ ಕಾರು ನೋಡಿ ಹೊಟ್ಟೆ ಉರಿಯಬೇಕು. 1948ರ ಕ್ಯಾಡಿಲಾಕ್‌ಗೆ ಯುದ್ಧವಿಮಾನದಿಂದ ಸ್ಫೂರ್ತಿ ಪಡೆದು ಹಿಂಬದಿಯಲ್ಲಿ ಚಿಕ್ಕ ರೆಕ್ಕೆಗಳನ್ನು ಕೊಟ್ಟರು. ವರ್ಷ ವರ್ಷ ಬೆಳೆಯುತ್ತಾ 1959ಕ್ಕೆ ಆ ರೆಕ್ಕೆಗಳು ನಗೆ ಬರುವಷ್ಟು ಎತ್ತರವಾದವು. ಅವುಗಳಿಂದ ಕಾರು ಒಂದಿಷ್ಟೂ ಚೆನ್ನಾಗಿ ಓಡಲಿಲ್ಲ, ಆದರೆ ಚೆನ್ನಾಗಿ ಮಾರಾಟವಾಯಿತು.

ಯುರೋಪಿನ ಹಿರಿಯ ಕಂಪನಿಗಳು ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಮೈ ಬದಲಾಗಲಿ, ಮುಖ ಬದಲಾಗಬಾರದು ಎಂಬುದು ಅವುಗಳ ನೀತಿ. ಮರ್ಸಿಡಿಸ್‌ನ ಮೂರು ಮೊನೆಯ ನಕ್ಷತ್ರ ನೋಂದಣಿಯಾದದ್ದು 1909ರಲ್ಲಿ. ರೋಲ್ಸ್-ರಾಯ್ಸ್ ಮೂತಿಯ ಮೇಲೆ ಮುಂದಕ್ಕೆ ಬಾಗಿ ನಿಂತ ಹೆಣ್ಣಿನ ಪ್ರತಿಮೆಯನ್ನು ಶಿಲ್ಪಿ ಚಾರ್ಲ್ಸ್ ಸೈಕ್ಸ್ ರೂಪಿಸಿದ್ದು 1911ರಲ್ಲಿ. ಬಿಎಂಡಬ್ಲ್ಯು ಕಾರಿನ ಮುಂದಿರುವ ಜೋಡಿ ಗ್ರಿಲ್, ಅಂದರೆ ಮೂತಿಯ ಜಾಲರಿ, ಮೊದಲು ಬಂದದ್ದು 1933ರ 303 ಮಾದರಿಯಲ್ಲಿ. ಪೋರ್ಷೆ 911 ಕಾರನ್ನು 1963ರಲ್ಲಿ ಮೊದಲು ನೋಡಿದವನನ್ನು ಇಂದು ಶೋರೂಮಿಗೆ ಕರೆತಂದರೆ, ಹೆಸರಿನ ಫಲಕ ಮುಚ್ಚಿಟ್ಟರೂ ಅವನು ಅದನ್ನು ಗುರುತಿಸುತ್ತಾನೆ. ರೆಕ್ಕೆ ಬೆಳೆಸಿದ ಅಮೆರಿಕನ್ ಬ್ರ್ಯಾಂಡುಗಳಲ್ಲಿ ಎಷ್ಟೋ ಮುಚ್ಚಿಹೋದವು. ಮುಖ ಕಾಪಾಡಿಕೊಂಡವು ಹೆಚ್ಚಾಗಿ ಉಳಿದವು. ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಈ ವ್ಯತ್ಯಾಸವನ್ನು ತೀರ ಕಡೆಗಣಿಸಲಾಗದು.

ಗ್ರಿಲ್ ಹುಟ್ಟಿದ್ದು ಅಂದಕ್ಕಲ್ಲ, ರೇಡಿಯೇಟರಿಗೆ ಗಾಳಿ ಬರಲೆಂದು. ಕಾಲಾಂತರದಲ್ಲಿ ಗಾಳಿಯ ಕೆಲಸ ಹಿಂದೆ ಸರಿದು ಗುರುತಿನ ಕೆಲಸ ಮುಂದೆ ಬಂತು. 2004ರ ಸುಮಾರಿಗೆ ಆಡಿ ತನ್ನ ಗ್ರಿಲ್ ಅನ್ನು ಬಂಪರಿನ ಕೆಳತನಕ ಎಳೆದು ಒಂದೇ ದೊಡ್ಡ ಚೌಕಟ್ಟು ಮಾಡಿತು. ಅದರ ಬೆನ್ನಿಗೇ ಎಲ್ಲರ ಗ್ರಿಲ್‌ಗಳೂ ಊದತೊಡಗಿದವು. 2020ರಲ್ಲಿ ಬಿಎಂಡಬ್ಲ್ಯು 4 ಸೀರೀಸ್ ಕೂಪೆಯ ಗ್ರಿಲ್ ನೆಲದವರೆಗೂ ಇಳಿದಾಗ ಅಭಿಮಾನಿಗಳೇ ಇದೆಂಥ ಮೊಲದ ಹಲ್ಲು ಎಂದು ಹಾಸ್ಯ ಮಾಡಿದರು. ಕಂಪನಿ ಜಗ್ಗಲಿಲ್ಲ. ಅದರ ಲೆಕ್ಕಾಚಾರ ಸರಳವಾಗಿತ್ತು: ಬೈಯಲಿಕ್ಕಾದರೂ ನೋಡಬೇಕು, ನೋಡಿದರೆ ನೆನಪಿರುತ್ತದೆ, ಮೊಬೈಲಿನ ಸಣ್ಣ ಪರದೆಯಲ್ಲಿಯೂ ಗುರುತು ಸಿಗುತ್ತದೆ. ನನಗೆ ಆ ಗ್ರಿಲ್ ಇಂದಿಗೂ ಚೆಂದ ಕಾಣುವುದಿಲ್ಲ. ಆದರೆ ಅದನ್ನು ಬಿಎಂಡಬ್ಲ್ಯು ಅಲ್ಲ ಎಂದವರನ್ನು ನಾನು ನೋಡಿಲ್ಲ, ಕಂಪನಿಗೆ ಬೇಕಾದದ್ದೂ ಅಷ್ಟೇ. ಜಾಗ್ವಾರ್ ಮಾಡಿದ್ದಕ್ಕೂ ಇದಕ್ಕೂ ಇರುವ ಅಂತರ ಇಲ್ಲೇ ಇದೆ. ಒಬ್ಬರು ಇದ್ದ ಮುಖವನ್ನು ಅತಿಯಾಗಿ ಹಿಗ್ಗಿಸಿದರು, ಇನ್ನೊಬ್ಬರು ಮುಖವನ್ನೇ ಕಿತ್ತು ಬೇರೆಯದನ್ನು ಹಚ್ಚಿದರು.

ಪ್ರಚಾರದ ಇತಿಹಾಸವೂ ನೋಡುಗರ ಸುತ್ತಲೇ ತಿರುಗುತ್ತದೆ. 1958ರಲ್ಲಿ ಡೇವಿಡ್ ಓಗಿಲ್ವಿ ರೋಲ್ಸ್-ರಾಯ್ಸ್‌ಗೆ ಬರೆದ ಜಾಹೀರಾತಿನ ತಲೆಬರಹ ಇಂದಿಗೂ ಪಾಠವಾಗಿ ಉಳಿದಿದೆ: ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಈ ಕಾರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವ ಸದ್ದು ವಿದ್ಯುತ್ ಗಡಿಯಾರದ್ದು ಎಂಬುದು ಅದರ ಅರ್ಥ. ಅದನ್ನು ಓದಿದ ಪತ್ರಿಕೆಯ ಓದುಗರಲ್ಲಿ ಸಾವಿರಕ್ಕೊಬ್ಬನೂ ಆ ಕಾರು ಕೊಂಡಿರಲಾರ. ಆದರೆ ಉಳಿದ 999 ಜನ ಆ ಮಾತನ್ನು ನಂಬಿದ್ದರಿಂದಲೇ ಕೊಂಡವನ ಕಾರಿಗೆ ಗೌರವ ಬಂತು. 1989ರಲ್ಲಿ ಟೊಯೊಟಾ ತನ್ನ ಲೆಕ್ಸಸ್ ಬ್ರ್ಯಾಂಡನ್ನು ಹೊರತಂದಾಗ ಜರ್ಮನರಿಗಿದ್ದ ಇತಿಹಾಸ ಅದಕ್ಕಿರಲಿಲ್ಲ. ಹಾಗಾಗಿ ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳನ್ನು ಗೋಪುರದಂತೆ ಜೋಡಿಸಿ, ನಿಂತಲ್ಲೇ ಚಕ್ರಗಳನ್ನು ಭಾರಿ ವೇಗಕ್ಕೆ ತಿರುಗಿಸಿ, ಒಂದು ಗ್ಲಾಸೂ ಅಲುಗದ್ದನ್ನು ತೋರಿಸಿತು. ಬಿಎಂಡಬ್ಲ್ಯು 1975ರಲ್ಲಿ ಅಲೆಕ್ಸಾಂಡರ್ ಕಾಲ್ಡರ್ ಎಂಬ ಕಲಾವಿದನಿಂದ ರೇಸಿನ ಕಾರಿಗೆ ಬಣ್ಣ ಹಾಕಿಸಿ ಲ ಮಾನ್ಸ್ ಪಂದ್ಯದಲ್ಲಿ ಓಡಿಸಿತು, ನಾಲ್ಕು ವರ್ಷದ ನಂತರ ಆಂಡಿ ವಾರ್‌ಹಾಲ್ ತಾನೇ ಬ್ರಷ್ ಹಿಡಿದು ಇನ್ನೊಂದಕ್ಕೆ ಬಣ್ಣ ಬಳಿದನು. ಆ ಕಾರುಗಳು ಮಾರಾಟಕ್ಕಿರಲಿಲ್ಲ. ಬ್ರ್ಯಾಂಡನ್ನು ಗ್ಯಾರೇಜಿನಿಂದ ಎತ್ತಿ ಕಲಾ ಸಂಗ್ರಹಾಲಯಕ್ಕೆ ಸಾಗಿಸುವುದೇ ಅವುಗಳ ಕೆಲಸವಾಗಿತ್ತು.

ಇಟಲಿಯವರ ದಾರಿ ಮತ್ತೂ ಬೇರೆ. ಫೆರಾರಿ ಟಿವಿಯಲ್ಲಿ ಕಾರಿನ ಜಾಹೀರಾತು ಕೊಡುವುದಿಲ್ಲ. 2024ರಲ್ಲಿ ಅದು ಇಡೀ ಜಗತ್ತಿಗೆ ಕೊಟ್ಟದ್ದು 13,752 ಕಾರು ಮಾತ್ರ, ಬೇಡಿಕೆಗಿಂತ ಒಂದಾದರೂ ಕಡಿಮೆ ಮಾಡಬೇಕು ಎಂಬುದು ಅದರ ಹಳೆಯ ಸೂತ್ರ. ಕಾಯಿಸುವುದೇ ಅದರ ಪ್ರಚಾರ. ಲ್ಯಾಂಬೋರ್ಗಿನಿಯ ಕತೆ ನಮ್ಮ ಭಾಗದವರಿಗೆ ಹೆಚ್ಚು ರುಚಿಸೀತು, ಏಕೆಂದರೆ ಫೆರುಚಿಯೊ ಲ್ಯಾಂಬೋರ್ಗಿನಿ ಎರಡನೇ ಮಹಾಯುದ್ಧದ ನಂತರ ದುಡ್ಡು ಮಾಡಿದ್ದು ಟ್ರ್ಯಾಕ್ಟರ್ ಮಾರಿ. 1963ರಲ್ಲಿ ಕಾರು ಕಂಪನಿ ಶುರು ಮಾಡಿದಾಗ ಅವರು ತಮ್ಮ ರಾಶಿಯಾದ ವೃಷಭವನ್ನೇ ಗುರುತಾಗಿಸಿಕೊಂಡರು. ಸ್ಪೇನಿನ ಗೂಳಿ ಸಾಕಣೆದಾರ ಮನೆತನವೊಂದರ ಹೆಸರು ಹೊತ್ತ ಮಿಯುರಾ 1966ರಲ್ಲಿ ಬಂತು, ಮಾರ್ಚೆಲ್ಲೊ ಗಾಂಡಿನಿ ಗೆರೆ ಎಳೆದ ಕೌಂಟಾಶ್‌ನ ಮಾದರಿ 1971ರಲ್ಲಿ ಕಂಡಿತು. ಈಳಿಗೆಯಿಂದ ಕೊಯ್ದಂತಿದ್ದ ಆ ಕಾರಿನ ಚಿತ್ರ ಎಷ್ಟು ದೇಶಗಳ ಎಷ್ಟು ಹುಡುಗರ ಕೋಣೆಯ ಗೋಡೆಯ ಮೇಲಿತ್ತು ಎಂದು ಲೆಕ್ಕ ಇಟ್ಟವರಿಲ್ಲ. ಆ ಪೋಸ್ಟರ್ ಅಂಟಿಸಿಕೊಂಡವರು ದೊಡ್ಡವರಾಗಿ ಕೊಂಡದ್ದು ಬೇರೆ ಏನನ್ನೋ. ಕಂಪನಿಯನ್ನು ಬದುಕಿಸಿದ್ದು ಮಾತ್ರ ಅವರ ಆ ಬೆರಗೇ.

ಈಗ ನಮ್ಮ ಮಾರುಕಟ್ಟೆಗೆ ಬರೋಣ. 2024ರಲ್ಲಿ ಮರ್ಸಿಡಿಸ್ ಭಾರತದಲ್ಲಿ 19,565 ಕಾರು ಮಾರಿತು. ತನ್ನದೇ ಮಿನಿ ಬ್ರ್ಯಾಂಡ್ ಸೇರಿದಂತೆ ಬಿಎಂಡಬ್ಲ್ಯು 15,721, ಆಡಿ 5,816. ಉಳಿದವರನ್ನೂ ಕೂಡಿಸಿದರೆ ಸುಮಾರು ಐವತ್ತು ಸಾವಿರ, ಅಂದರೆ ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ನೂರಕ್ಕೆ ಒಂದರ ಆಸುಪಾಸು. ಈ ಸಣ್ಣ ಸಂಖ್ಯೆಗೆ ತೆರಿಗೆಯೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಸೆಸ್ ಇಲ್ಲದೆ ಶೇ 40 ಆಗಿದೆ. ಅದಕ್ಕೂ ಮೊದಲು ಸೆಸ್ ಸೇರಿ ಶೇ 50ರವರೆಗೆ ಇತ್ತು. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ 20 ಲಕ್ಷ ಮೀರಿದ ಕಾರಿಗೆ ಶೇ 18. ಶೋರೂಮಿನಲ್ಲಿ 80 ಲಕ್ಷ ಎಂದು ಹೇಳುವ ಕಾರಿಗೆ ಆರ್‌ಟಿಒದಲ್ಲಿ 14 ಲಕ್ಷ 40 ಸಾವಿರ ಎಣಿಸಬೇಕು, ಆ ತೆರಿಗೆಯ ಮೇಲಿನ ರಾಜ್ಯದ ಸೆಸ್ ಬೇರೆ. ಅಷ್ಟು ದುಡ್ಡಿಗೆ ಹುಬ್ಬಳ್ಳಿಯ ಮಧ್ಯಮ ವರ್ಗದ ಮನೆಯೊಂದು ಮಕ್ಕಳ ಮದುವೆವರೆಗೂ ಓಡಿಸುವ ಒಂದು ಎಸ್‌ಯುವಿ ಬರುತ್ತದೆ. ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿ ಇಲ್ಲಿ ಓಡಿಸುವ ಚಾಳಿ ಹುಟ್ಟಿದ್ದೂ, ಅದರ ಬೆನ್ನು ಹತ್ತಿ ಸಾರಿಗೆ ಇಲಾಖೆ ದಾಳಿ ಮಾಡಿದ್ದೂ ಈ ಲೆಕ್ಕದಿಂದಲೇ.

ಇಷ್ಟೆಲ್ಲ ಕೊಟ್ಟು ಇಲ್ಲಿ ಕೊಳ್ಳುವವರು ಯಾರು? ಕೆಎ-63 ಮತ್ತು ಕೆಎ-25 ಫಲಕದ ಗಾಡಿಗಳನ್ನು ಗಮನಿಸಿದರೆ ಗುತ್ತಿಗೆದಾರರು, ಬಿಲ್ಡರ್‌ಗಳು, ಸ್ವಂತ ಆಸ್ಪತ್ರೆಯುಳ್ಳ ವೈದ್ಯರು, ಶಿಕ್ಷಣ ಸಂಸ್ಥೆ ನಡೆಸುವವರು, ಅಮರಗೋಳದ ಎಪಿಎಂಸಿಯ ದೊಡ್ಡ ವರ್ತಕರು ಕಣ್ಣಿಗೆ ಬೀಳುತ್ತಾರೆ; ಹಾವೇರಿಯ ಕೆಎ-27ರ ಫಲಕವಿದ್ದರೆ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರ ಇರಬಹುದೆಂದು ಊಹಿಸುವುದು ಇಲ್ಲಿನ ರೂಢಿ. ಎಷ್ಟೋ ಕಾರುಗಳು ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರುತ್ತವೆ, ವರ್ಷಕ್ಕೆ ಶೇ 15ರ ಸವಕಳಿಯನ್ನು ಆದಾಯ ತೆರಿಗೆಯಲ್ಲಿ ತೋರಿಸಲು ಅನುಕೂಲ ಎಂಬ ಕಾರಣಕ್ಕೆ. ಈ ಕೊಳ್ಳುವವರಲ್ಲಿ ಹೆಚ್ಚಿನವರು ತಮ್ಮ ತಲೆಮಾರಿನಲ್ಲೇ ಮೇಲೆ ಬಂದವರು, ಇವರ ವ್ಯವಹಾರ ನಿಂತಿರುವುದು ಪತ್ತಿನ ಮೇಲೆ. ಬಾಕಿ ವಸೂಲಿಗೆ ಹೋದಾಗ, ಟೆಂಡರಿನ ಮಾತುಕತೆಗೆ ಕುಳಿತಾಗ, ಬೀಗರ ಮನೆಯ ಮುಂದೆ ಇಳಿದಾಗ ಕಾರು ಅವರಿಗಿಂತ ಮೊದಲು ಮಾತಾಡುತ್ತದೆ. 'ಯಾವ ಗಾಡಿ ತೊಗೊಂಡ್ರೀ?' ಎಂದು ಕೇಳಿದವನಿಗೆ ಹೆಸರು ಹೇಳಿದ ಮೇಲೂ 'ಅದು ಯಾ ಕಂಪನೀದ್ರೀ?' ಎಂಬ ಎರಡನೇ ಪ್ರಶ್ನೆ ಬಂದರೆ ಕೊಟ್ಟ ದುಡ್ಡಿನ ಅರ್ಧ ನೀರುಪಾಲಾದಂತೆ. ಜಪಾನಿನ ಲೆಕ್ಸಸ್ ಎಷ್ಟೇ ಗಟ್ಟಿಯಾಗಿದ್ದರೂ ನಮ್ಮ ಕಡೆ ಅಪರೂಪವಾಗಿರುವುದಕ್ಕೂ, ವೋಲ್ವೋ ಎಂದೊಡನೆ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ನೆನಪಾಗುವ ಊರಿನಲ್ಲಿ ಆ ಕಂಪನಿಯ ಕಾರು ಒಂದಿಷ್ಟು ಸಂಕೋಚದಿಂದ ನಿಲ್ಲುವುದಕ್ಕೂ ಈ ಎರಡನೇ ಪ್ರಶ್ನೆಯೇ ಕಾರಣ ಎಂದು ನನ್ನ ಊಹೆ.

ಕಂಪನಿಗಳ ದೊಡ್ಡ ಜಾಹೀರಾತುಗಳು ಈ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾಗುವುದಿಲ್ಲ. ಮಾರಾಟಗಾರರು ಮಾಡುವುದೇನಿದ್ದರೂ ಶನಿವಾರ-ಭಾನುವಾರ ಹೋಟೆಲ್ಲಿನ ಅಂಗಳದಲ್ಲಿ ನಾಲ್ಕು ಕಾರು ನಿಲ್ಲಿಸಿ, ಆಯ್ದ ಕೆಲವರನ್ನು ಫೋನ್ ಮಾಡಿ ಕರೆಸಿ, ಚಹಾ ಕೊಟ್ಟು, ಒಂದು ಸುತ್ತು ಓಡಿಸಲು ಕೊಡುವುದು. ನಿಜವಾದ ಪ್ರಚಾರ ನಡೆಯುವುದು ಕಾರು ಕೈಗೆ ಬರುವ ದಿನ. ಸ್ಯಾಟಿನ್ ಬಟ್ಟೆ ಹೊದಿಸಿದ ಕಾರು, ಮೊಣಕೈಯುದ್ದದ ರಟ್ಟಿನ ಕೀಲಿ, ಕೇಕು, ಬಾಡಿಗೆಗೆ ಕರೆದ ಕ್ಯಾಮೆರಾದವನು, ಸಂಜೆಯೊಳಗೆ ರೀಲ್ಸ್. ಆ ವಿಡಿಯೊವನ್ನು ಕಂಪನಿ ಹಂಚುವುದಕ್ಕಿಂತ ಕೊಂಡವರ ಭಾವಮೈದುನರು, ಗೆಳೆಯರು, ನೌಕರರು ಹೆಚ್ಚು ಹಂಚುತ್ತಾರೆ. ಮ್ಯೂನಿಕ್‌ನಲ್ಲಿ ಕುಳಿತ ಜಾಹೀರಾತಿನ ಪಂಡಿತನಿಗೆ ಸಾಧ್ಯವಾಗದ್ದನ್ನು ಕೇಶ್ವಾಪುರದ ಒಂದು ವಾಟ್ಸ್ಆ್ಯಪ್ ಗುಂಪು ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಅಲ್ಲಿಂದ ಕಾರು ಗುಡಿಗೆ ಬರುತ್ತದೆ. ಧಾರವಾಡದ ನುಗ್ಗಿಕೇರಿ ಹನುಮಪ್ಪನ ಗುಡಿಯ ಮುಂದೆ ಶನಿವಾರ ನಿಂತು ನೋಡಿದರೆ ವಿನ್ಯಾಸದ ಬಗ್ಗೆ ಒಂದು ಪಾಠವೇ ಸಿಗುತ್ತದೆ. ಪೂಜಾರಿ ಮೊದಲು ಬಾನೆಟ್ ಮೇಲೆ ಕುಂಕುಮದಿಂದ ಗುರುತು ಬರೆಯುತ್ತಾರೆ, ಚಕ್ರದ ಅಡಿಗೆ ಲಿಂಬೆಹಣ್ಣು ಇಡುತ್ತಾರೆ, ಕಾಯಿ ಒಡೆಸುತ್ತಾರೆ. ಆಮೇಲೆ ಚೆಂಡುಹೂವಿನ ಮಾಲೆ. ಅದನ್ನು ಕಟ್ಟುವುದು ಎಲ್ಲಿಗೆ? ಹಳೆಯ ಮರ್ಸಿಡಿಸ್ ಆಗಿದ್ದರೆ ಬಾನೆಟ್ ತುದಿಯ ನಕ್ಷತ್ರಕ್ಕೆ ಸುತ್ತಿದರಾಯಿತು. ಬಿಎಂಡಬ್ಲ್ಯು ಆದರೆ ಜೋಡಿ ಗ್ರಿಲ್‌ನ ಸರಳುಗಳ ನಡುವೆ ದಾರ ತೂರಿಸಿ ಎರಡೂ ಬದಿಗೆ ಗಂಟು ಹಾಕಬಹುದು, ಮಾಲೆ ಹೊಟ್ಟೆ ಬಿಟ್ಟು ಅಂದವಾಗಿ ಕೂರುತ್ತದೆ. ವಿದ್ಯುತ್ ಕಾರು ಬಂದಾಗ ಮಾತ್ರ ಪೂಜಾರಿಯ ಬೆರಳುಗಳು ತಡಕಾಡುತ್ತವೆ. ಮೂತಿಯೆಲ್ಲ ಒಂದೇ ಹಾಳೆಯಂತೆ ನುಣ್ಣಗಿರುತ್ತದೆ, ತೂತಿಲ್ಲ, ಸರಳಿಲ್ಲ. ಕಡೆಗೆ ಮಾಲೆಯನ್ನು ಎರಡು ಬದಿಯ ಕನ್ನಡಿಗಳಿಗೆ ಕಟ್ಟಿ ಬಾನೆಟ್ ಮೇಲೆ ಇಳಿಬಿಡುತ್ತಾರೆ, ಹೊರಡುವಾಗ ಅದು ಜಾರಿ ವೈಪರಿಗೆ ಸಿಕ್ಕಿಕೊಳ್ಳುತ್ತದೆ. ಕಾರಿಗೆ ಮುಖ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ವಿನ್ಯಾಸಕಾರರು ಸಭೆಗಳಲ್ಲಿ ಚರ್ಚಿಸುವುದಕ್ಕಿಂತ ಮೊದಲೇ ಹೂವಿನ ದಾರ ತೀರ್ಮಾನಿಸಿಬಿಟ್ಟಿರುತ್ತದೆ.

ಇದು ಬರೀ ತಮಾಷೆಯಲ್ಲ. ಎಂಜಿನ್ ಇಲ್ಲದ ಕಾರಿಗೆ ದೊಡ್ಡ ಗ್ರಿಲ್ ಬೇಡ, ನುಣುಪಾದಷ್ಟೂ ಗಾಳಿಯ ತಡೆ ಕಡಿಮೆ, ಒಂದು ಚಾರ್ಜಿಗೆ ಹೆಚ್ಚು ದೂರ. ಮರ್ಸಿಡಿಸ್ 2021ರಲ್ಲಿ ಇಕ್ಯೂಎಸ್ ಕಾರನ್ನು ಈ ತರ್ಕದ ಮೇಲೆಯೇ ರೂಪಿಸಿತು. ಮೈಯೆಲ್ಲ ಒಂದೇ ಬಿಲ್ಲಿನ ಬಾಗು, ಒಳಗೆ ಡ್ಯಾಶ್‌ಬೋರ್ಡಿನ ಈ ತುದಿಯಿಂದ ಆ ತುದಿಗೆ 141 ಸೆಂಟಿಮೀಟರ್ ಅಗಲದ ಗಾಜಿನ ಪರದೆ. ಗಾಳಿಯ ವಿಜ್ಞಾನ ಮೆಚ್ಚಿದ ಆ ಕಾರನ್ನು ಅದೇ ಕಂಪನಿಯ ದುಬಾರಿ ಎಸ್-ಕ್ಲಾಸ್ ಕೊಳ್ಳುವ ಗಿರಾಕಿಗಳು ನಿರೀಕ್ಷಿಸಿದಷ್ಟು ಮೆಚ್ಚಲಿಲ್ಲ. ದೊಡ್ಡ ಮನುಷ್ಯನ ಕಾರಿನಂತೆ ಕಾಣುವುದಿಲ್ಲ ಎಂಬುದು ಮುಖ್ಯ ತಕರಾರು. 2025ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ಅದೇ ಕಂಪನಿ ವಿದ್ಯುತ್ ಜಿಎಲ್‌ಸಿ ತೋರಿಸಿದಾಗ, ಮುಂದೆ ದೊಡ್ಡ ಚೌಕದ ಗ್ರಿಲ್ ಮರಳಿ ಬಂದಿತ್ತು, 942 ಬೆಳಗುವ ಚುಕ್ಕೆಗಳೊಂದಿಗೆ. ಗಾಳಿ ಎಳೆದುಕೊಳ್ಳುವ ಅಗತ್ಯವಿಲ್ಲದ ಕಾರಿಗೆ ಗ್ರಿಲ್ ಏಕೆ ಬೇಕಾಯಿತು ಎಂದರೆ, ನೋಡುವವರಿಗೆ ಬೇಕಾಯಿತು. ಪರದೆಗಳ ವಿಷಯದಲ್ಲೂ ಹಿಂದಿರುಗುವ ಗಾಳಿ ಬೀಸುತ್ತಿದೆ. ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಅಗತ್ಯದ ಕೆಲಸಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಹಿಡಿಕೆ ಇಲ್ಲದ ಕಾರುಗಳಿಗೆ ಸುರಕ್ಷತೆಯ ಪೂರ್ತಿ ಅಂಕ ಕೊಡುವುದಿಲ್ಲ ಎಂದು ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ನಿಯಮ ಬಿಗಿ ಮಾಡಿದೆ.

ಚೀನಾದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿನ ಹೊಸ ತಲೆಮಾರಿಗೆ ಯುರೋಪಿನ ಹಳೆಯ ಗುರುತುಗಳ ಮೇಲೆ ಮೊದಲಿನ ಭಯಭಕ್ತಿ ಉಳಿದಿಲ್ಲ. ಆಡಿ 2024ರಲ್ಲಿ ಅಲ್ಲಿನ ಸಾಯಿಕ್ ಕಂಪನಿಯ ಜೊತೆ ಹೊಸ ಬ್ರ್ಯಾಂಡ್ ಶುರು ಮಾಡಿದಾಗ 1932ರಿಂದ ಹೊತ್ತುಬಂದಿದ್ದ ನಾಲ್ಕು ಬಳೆಗಳನ್ನೇ ಕಳಚಿಟ್ಟು ಬರೀ ಹೆಸರಿನ ನಾಲ್ಕು ಅಕ್ಷರ ಹಾಕಿತು. ಜಾಗ್ವಾರ್‌ನ ಯೋಜಕರು ತಮ್ಮ ಮಾರುಕಟ್ಟೆ ಎಲ್ಲಾ ಕಡೆ ಹೀಗೇ ಬದಲಾಗಿದೆ ಎಂದು ಭಾವಿಸಿದಂತೆ ಕಾಣುತ್ತದೆ.

ಭಾರತಕ್ಕೆಂದು ಈ ಕಂಪನಿಗಳು ಮಾಡಿಕೊಂಡ ಹೊಂದಾಣಿಕೆಯನ್ನು ನೋಡಿದರೆ ಅವು ನಮ್ಮ ಸ್ವಭಾವವನ್ನು ಚೆನ್ನಾಗಿಯೇ ಓದಿವೆ ಎನ್ನಬೇಕು. ಜರ್ಮನಿಯಲ್ಲಿ ಮರ್ಸಿಡಿಸ್‌ನ ಇ-ಕ್ಲಾಸ್ ಕೊಂಡವನು ತಾನೇ ಓಡಿಸುತ್ತಾನೆ. ಇಲ್ಲಿ ಧಣಿ ಹಿಂದಿನ ಸೀಟಿನಲ್ಲಿ, ಅದೂ ಎಡಬದಿಗೆ ಕೂರುತ್ತಾರೆ. ಅದನ್ನರಿತು ಮರ್ಸಿಡಿಸ್ 2017ರಿಂದ ಉದ್ದ ಹೆಚ್ಚಿಸಿದ ಇ-ಕ್ಲಾಸ್ ಅನ್ನು ಪುಣೆಯ ಹತ್ತಿರದ ಚಾಕಣದಲ್ಲಿ ಕೂಡಿಸಿ ಮಾರುತ್ತಿದೆ, 2024ರಲ್ಲಿ ಬಿಎಂಡಬ್ಲ್ಯು ಕೂಡ 5 ಸೀರೀಸ್‌ನ ಉದ್ದನೆಯ ರೂಪ ತಂದಿತು. ಓಡಿಸುವ ಸುಖದ ಹೆಸರಿನಲ್ಲಿ ಅರ್ಧ ಶತಮಾನದಿಂದ ಜಾಹೀರಾತು ಕೊಟ್ಟ ಕಂಪನಿ, ಇಲ್ಲಿ ಕಾಲು ಚಾಚುವ ಸುಖವನ್ನು ಮಾರುತ್ತಿದೆ ಎಂಬುದನ್ನು ಗಮನಿಸಬೇಕು. ಚಾಲಕನಿಗೆ ಮೀಸಲಾದ ಚತುರತೆಯೆಲ್ಲ ಸಂಬಳದ ಡ್ರೈವರಿನ ಪಾಲು, ಯಜಮಾನರಿಗೆ ಕಿಟಕಿಯ ಪರದೆ ಮತ್ತು ಮಸಾಜ್ ಸೀಟು.

ರಸ್ತೆಯ ವಿಷಯದಲ್ಲಿ ಈ ಓದು ಅಷ್ಟು ಪಕ್ಕಾ ಅಲ್ಲ. ಕಾರು ಚೆಂದ ಕಾಣಬೇಕೆಂದರೆ ಚಕ್ರ ದೊಡ್ಡದಿರಬೇಕು, ರಬ್ಬರಿನ ಪಟ್ಟಿ ತೆಳ್ಳಗಿರಬೇಕು ಎಂಬುದು ವಿನ್ಯಾಸಕಾರರ ಹಟ. ಜೇಡಿಮಣ್ಣಿನ ಮಾದರಿಯ ಮೇಲೆ ಅದು ಸೊಗಸಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ಹುಬ್ಬಳ್ಳಿಯ ಎರೆಮಣ್ಣು ಹಿಗ್ಗಿ, ಬಿಸಿಲಿಗೆ ಬಿರಿದು, ಡಾಂಬರು ಕಿತ್ತುಬಂದಾಗ ಆ ತೆಳ್ಳನೆಯ ರಬ್ಬರು ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಬದಿಯಲ್ಲಿ ಗುಳ್ಳೆ ಏಳುತ್ತದೆ. ಗೋಕುಲ ರಸ್ತೆಯ ಟೈರ್ ಅಂಗಡಿಯವರು ಅದರ ಮೇಲೆ ಹೆಬ್ಬೆರಳು ಒತ್ತಿ ನೋಡಿ ಇನ್ನು ನಡೆಯುವುದಿಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ. ಆ ಅಳತೆಯ ಟೈರ್ ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ಬರುವ ತನಕ ಕಾರು ಪೋರ್ಟಿಕೊದಲ್ಲಿ. ಜರ್ಮನಿಯ ಹೆದ್ದಾರಿಗೆಂದು ಪಳಗಿಸಿದ ಎಂಜಿನ್ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ವರ್ಷಗಟ್ಟಲೆ ಲಾರಿಯ ಹಿಂದೆ ತೆವಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಎತ್ತರದ ಎಸ್‌ಯುವಿಗಳ ಕಡೆಗೆ ಇಲ್ಲಿನ ಶ್ರೀಮಂತರು ವಾಲಿದ್ದಕ್ಕೆ ಗತ್ತಿನ ಜೊತೆ ಈ ಗುಂಡಿಗಳ ಪಾಲೂ ಇದೆ. ಸೂಪರ್‌ಕಾರಿಗೆ ಹೆಸರಾದ ಲ್ಯಾಂಬೋರ್ಗಿನಿಯೇ 2017ರ ಕೊನೆಗೆ ಉರುಸ್ ಎಂಬ ಎಸ್‌ಯುವಿಗೆ ಇಳಿದ ಮೇಲೆ ಉಳಿದವರ ಮಾತೇನು?

ಈ ನಡುವೆ ಧೈರ್ಯದ ವಿನ್ಯಾಸ ಎಂಬುದು ಪರದೇಶದ ಗುತ್ತಿಗೆಯಾಗಿ ಉಳಿದಿಲ್ಲ. ಫೆರಾರಿಗಳಿಗೆ ದಶಕಗಟ್ಟಲೆ ರೂಪ ಕೊಟ್ಟ ಇಟಲಿಯ ಪಿನಿನ್‌ಫರಿನಾ ಸಂಸ್ಥೆಯನ್ನು ಕೊಳ್ಳಲು ಮಹೀಂದ್ರ 2015ರಲ್ಲೇ ಒಪ್ಪಂದ ಮಾಡಿಕೊಂಡಿತು. ಜಾಗ್ವಾರ್ ಜಾಹೀರಾತು ಬಂದ ಅದೇ ನವೆಂಬರ್‌ನಲ್ಲಿ ಮಹೀಂದ್ರ ಹೊರತಂದ ಎರಡು ವಿದ್ಯುತ್ ಎಸ್‌ಯುವಿಗಳು, ವಿನ್ಯಾಸಕಾರ ಪ್ರತಾಪ್ ಬೋಸ್ ಮುಂದಾಳತ್ವದಲ್ಲಿ ರೂಪುಗೊಂಡವು, ಟೈಪ್ 00ಗಿಂತ ಕಡಿಮೆ ವಿಚಿತ್ರವೇನಲ್ಲ. ಅವುಗಳಲ್ಲಿ ಒಂದರ ಹೆಸರಿನಲ್ಲಿದ್ದ 6ಇ ಎಂಬುದು ತನ್ನದೆಂದು ಇಂಡಿಗೋ ವಿಮಾನ ಸಂಸ್ಥೆ ನ್ಯಾಯಾಲಯಕ್ಕೆ ಹೋಗಿ, ಕಾರಿನ ಹೆಸರು ಬಿಇ 6 ಎಂದಷ್ಟೇ ಉಳಿಯಿತು. ಒಂದಕ್ಷರಕ್ಕೂ ಎಷ್ಟು ಬೆಲೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೂ ಆ ಕಾರುಗಳನ್ನು ಜನ ಜಾಗ್ವಾರ್‌ನಂತೆ ಹೀಗಳೆಯಲಿಲ್ಲ. ಮಹೀಂದ್ರದ ವಿದ್ಯುತ್ ಕಾರಿಗೆ ಕಾಪಾಡಿಕೊಳ್ಳಬೇಕಾದ ಹಳೆಯ ಮುಖ ಇರಲಿಲ್ಲ, ಬೆಲೆಯೂ ಕೋಟಿ ಮುಟ್ಟಿರಲಿಲ್ಲ, ಬಿಡುಗಡೆಯ ದಿನ ವೇದಿಕೆಯ ಮೇಲೆ ಕಾರು ಕಣ್ಣಿಗೆ ಕಾಣುವಂತೆ ನಿಂತಿತ್ತು.

ಜಾಗ್ವಾರ್‌ನ ಪರವಾಗಿ ಹೇಳಬೇಕಾದದ್ದೂ ಇದೆ. ಜರ್ಮನರ ಜೊತೆ ಅದೇ ಬೆಲೆಗೆ ಸ್ಪರ್ಧಿಸಿ ಅದು ವರ್ಷಗಳಿಂದ ಸೋಲುತ್ತಿತ್ತು. ಹಳೆಯ ಮಾದರಿಗಳನ್ನು ಒಂದೊಂದಾಗಿ ನಿಲ್ಲಿಸಿ, ಬ್ರಿಟನ್ನಿನಲ್ಲಿ ಹೊಸ ಕಾರಿನ ಮಾರಾಟವನ್ನೇ ನಿಲ್ಲಿಸಿ, ಸಂಖ್ಯೆ ಕಡಿಮೆ ಮಾಡಿ ಬೆಲೆಯನ್ನು ಒಂದು ಲಕ್ಷ ಪೌಂಡಿನಾಚೆಗೆ ಒಯ್ಯುವ ನಿರ್ಧಾರದಲ್ಲಿ ಲೆಕ್ಕವಿದೆ. ಸತ್ತ ವ್ಯಾಪಾರವನ್ನು ಹೊತ್ತು ತಿರುಗುವುದಕ್ಕಿಂತ ಅದು ಮೇಲು. ಗುಲಾಬಿ ಬಣ್ಣದ ಬಗ್ಗೆಯೂ ನನ್ನ ತಕರಾರಿಲ್ಲ. ಇಳಕಲ್ ಸೀರೆಯ ನಾಡಿನವರು ಗಾಢ ಬಣ್ಣಕ್ಕೆ ಹೆದರುವವರಲ್ಲ. 1961ರಲ್ಲಿ ಇದೇ ಕಂಪನಿ ಇ-ಟೈಪ್ ತಂದಾಗಲೂ ಅಂಥ ಉದ್ದ ಮೂತಿಯನ್ನು ಲೋಕ ಕಂಡಿರಲಿಲ್ಲ, ಕಂಡೊಡನೆ ಸೋತಿತು. ತಪ್ಪಿದ್ದು ಕ್ರಮದಲ್ಲಿ. ಕಾರನ್ನು ತೋರಿಸಿ ಬೆರಗು ಹುಟ್ಟಿಸಬೇಕಾದ ಕಡೆ ಬೆರಗನ್ನೇ ಮೊದಲು ಮಾರಲು ಹೋದರು, ಹಳೆಯ ನೋಡುಗರನ್ನು ಬೀಳ್ಕೊಟ್ಟರು, ಹೊಸ ನೋಡುಗರು ಇನ್ನೂ ಬಂದಿರಲಿಲ್ಲ.

2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ, ಬ್ರಿಟನ್ನಿನಲ್ಲಿ ತಯಾರಾದ ಕಾರುಗಳ ಮೇಲಿನ ಶೇ 100ನ್ನೂ ಮೀರಿದ ಸುಂಕ ನಿಗದಿತ ಸಂಖ್ಯೆಯ ಮಿತಿಯೊಳಗೆ ಹಂತ ಹಂತವಾಗಿ ಶೇ 10ಕ್ಕೆ ಇಳಿಯಲಿದೆ. ಸುಂಕ ಇಳಿದರೆ ಬೆಲೆ ಎಷ್ಟು ಇಳಿಯಬಹುದು ಎಂಬುದರ ಸುಳಿವು ಟಾಟಾ ಸಮೂಹದಲ್ಲೇ ಇದೆ: 2024ರಲ್ಲಿ ಲ್ಯಾಂಡ್ ರೋವರ್‌ನ ರೇಂಜ್ ರೋವರ್ ಅನ್ನು ಪುಣೆಯಲ್ಲಿ ಕೂಡಿಸಲು ತೊಡಗಿದಾಗ ಬೆಲೆ ಸುಮಾರು ಐದನೇ ಒಂದರಷ್ಟು ಇಳಿಯಿತು. ಆ ಕಾರಿನ ಚೌಕು ಮೈಕಟ್ಟು 1970ರಿಂದ ಹೆಚ್ಚು ಬದಲಾಗಿಲ್ಲ, ಗದಗಿನ ರಸ್ತೆಯಲ್ಲಿ ಧೂಳು ಮೆತ್ತಿಕೊಂಡು ಬಂದರೂ ದೂರದಿಂದಲೇ ಗುರುತು ಹತ್ತುತ್ತದೆ. ಹೊಸ ಜಾಗ್ವಾರ್ ಮುಂದೆ ಭಾರತಕ್ಕೆ ಬಂದರೆ ಅದಕ್ಕೂ ರಿಯಾಯಿತಿಯ ದಾರಿ ಇರಬಹುದು, ವಿದ್ಯುತ್ ವಾಹನವಾದ್ದರಿಂದ ಜಿಎಸ್‌ಟಿ ಶೇ 5 ಮಾತ್ರ. ಕರ್ನಾಟಕ ಸರ್ಕಾರ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ 2024ರಲ್ಲಿ ವಿಧಿಸಿದ ಶೇ 10ರ ಜೀವಾವಧಿ ತೆರಿಗೆ ಕೂಡ ಪೆಟ್ರೋಲ್ ಕಾರಿನ ತೆರಿಗೆಗಿಂತ ಹಗುರ. ಅಂದರೆ ಬೆಲೆಯ ಅಡ್ಡಿ ಕಡಿಮೆಯಾಗುತ್ತಾ ಹೋಗುತ್ತದೆ, ಗುರುತಿನ ಅಡ್ಡಿ ಉಳಿಯುತ್ತದೆ. ವಿದ್ಯಾನಗರದ ಒಬ್ಬ ಬಿಲ್ಡರ್ ಒಂದೂವರೆ ಕೋಟಿ ಕೈಯಲ್ಲಿ ಹಿಡಿದು ಹೊಸ ಜಾಗ್ವಾರ್ ಮತ್ತು ರೇಂಜ್ ರೋವರ್ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ, ಒಡೆಯ ಒಬ್ಬನೇ ಆಗಿರುವ ಈ ಎರಡು ಬ್ರ್ಯಾಂಡುಗಳಲ್ಲಿ ಅವರು ಯಾವುದಕ್ಕೆ ಮುಂಗಡ ಕಟ್ಟುತ್ತಾರೆ ಎಂಬುದರ ಬಗ್ಗೆ ನನಗಂತೂ ಅನುಮಾನವಿಲ್ಲ.